ಒಂದೆಲಗದ ರಸ ಕೊಟ್ಟರೂ ಅಪ್ಪನ ಮರೆವು ಹೋಗಿಲ್ಲ: ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಡಾಕ್ಟರ್ ಮೇಡಂ ಈಗ ಗುಂಪಿನಲ್ಲಿದ್ದಾರೆ. ಅಡುಗೆಮನೆಯ ಪದಾರ್ಥ ಮತ್ತು ಆರೋಗ್ಯದ ಬಗ್ಗೆ ಕೇಳಿ. ಒಬ್ಬರಿಗೆ ಒಂದೇ ಪ್ರಶ್ನೆ.

ಶೈಲಜಾ: ರಾತ್ರಿ ಅರಿಶಿನದ ಹಾಲು ಕುಡಿದರೆ ನೆನಪಿನ ಶಕ್ತಿ ಹೆಚ್ಚುತ್ತದಾ ಮೇಡಂ?

ಡಾಕ್ಟರ್: ನಮಸ್ಕಾರ. ಚಿಟಿಕೆ ಅರಿಶಿನ ಹಾಕಿ ಧಾರಾಳವಾಗಿ ಕುಡಿಯಿರಿ. ನೆನಪಿನ ಔಷಧಿ ಅಂತ ಮಾತ್ರ ನಂಬಬೇಡಿ. ಅರಿಶಿನದ ಗುಣಕ್ಕೆ ಕಾರಣ ಅನ್ನುವ ಹಳದಿ ಅಂಶ, ಅಂದರೆ ಕರ್ಕ್ಯುಮಿನ್, ಅದರಲ್ಲಿ ಇರುವುದು ನೂರಕ್ಕೆ ಸುಮಾರು 3 ಪಾಲು. ಆ ಪಾಲಿನಲ್ಲೂ ರಕ್ತಕ್ಕೆ ಸೇರುವುದು ತೀರಾ ಕಮ್ಮಿ.

ಗಣಪತಿ, ಶಿರಸಿ: ಅಪ್ಪನಿಗೆ 71 ವರ್ಷ. ಹನ್ನೆರಡು ವರ್ಷದಿಂದ ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ತಾರೆ. ಸಸ್ಯಾಹಾರಿ. ಆರು ತಿಂಗಳಿಂದ ಮರೆವು ಜಾಸ್ತಿ, ಒಂದೇ ಮಾತು ಮೂರು ಸಲ ಕೇಳುತ್ತಾರೆ. ದಿನಾ ಒಂದೆಲಗದ ರಸ ಕೊಡುತ್ತಿದ್ದೇವೆ, ಗುಣ ಕಾಣುತ್ತಿಲ್ಲ. ಎರಡು ಹೊತ್ತು ಕೊಡಲಾ? ಶುಗರ್ ಇದ್ದವರಿಗೆ ಹಾಲು ಮೊಸರು ವಿಷ ಅಂತ ಮೆಸೇಜ್ ಬಂದಿತ್ತು, ಮೂರು ವರ್ಷದಿಂದ ಎರಡನ್ನೂ ಬಿಟ್ಟಿದ್ದಾರೆ.

ಡಾಕ್ಟರ್: ಗಣಪತಿಯವರೇ, ರಸದ ಮಾತು ಆಮೇಲೆ. ಪಾದ ಜುಮ್ಮೆನ್ನುತ್ತದಾ? ಮುಖ ತೊಳೆಯುವಾಗ ವಾಲುತ್ತಾರಾ? ನಾಲಿಗೆ ಹೇಗಿದೆ?

ಶಾರದಾ: ಅಕ್ರೋಟು ಮೆದುಳಿನ ಹಾಗೇ ಇದೆಯಲ್ಲ, ದಿನಕ್ಕೆ ಎಷ್ಟು ತಿನ್ನಬೇಕು?

ಗಣಪತಿ: ಜುಮ್ಮೆನ್ನುತ್ತದೆ ಮೇಡಂ. ಮೊನ್ನೆ ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದವರು ಹಾಗೇ ಗೋಡೆಗೆ ವಾಲಿದರು. ತೋಟದಿಂದ ಬರುವಾಗ ಒಂದು ಚಪ್ಪಲಿ ದಾರಿಯಲ್ಲೇ ಉಳಿದಿತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ. ನಾಲಿಗೆ ಕೆಂಪಗೆ, ನುಣ್ಣಗಿದೆ. ಖಾರ ತಾಗಿದರೆ ಉರಿ ಅಂತಾರೆ.

ಡಾಕ್ಟರ್: ಇದನ್ನು ವಯಸ್ಸಿನ ಮರೆವು ಅಂತ ಬಿಡಬೇಡಿ. ನನಗೆ ವಿಟಮಿನ್ ಬಿ12 ಕೊರತೆಯ ಅನುಮಾನ ಬಲವಾಗಿದೆ. ಅದು ಮೀನು, ಮಾಂಸ, ಮೊಟ್ಟೆ, ಹಾಲು, ಮೊಸರಿನಲ್ಲಿ ಸಿಗುತ್ತದೆ, ಸೊಪ್ಪಿನಲ್ಲಿ ಇಲ್ಲ. ತಂಬುಳಿ ಮಾಡಿ ಹಾಕಿದ್ದರೆ ಮಜ್ಜಿಗೆಯಿಂದ ಒಂದಿಷ್ಟಾದರೂ ಸಿಗುತ್ತಿತ್ತು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಕರುಳು ಬಿ12 ಹೀರುವುದೂ ಕಮ್ಮಿಯಾಗುತ್ತದೆ. ಲಿವರ್‌ನಲ್ಲಿ ಕೆಲವು ವರ್ಷಕ್ಕಾಗುವಷ್ಟು ದಾಸ್ತಾನು ಇರುತ್ತದೆ, ಹಾಗಾಗಿ ಹಾಲು ಬಿಟ್ಟ ಕೂಡಲೇ ಏನೂ ತಿಳಿಯಲಿಲ್ಲ.

ನರದ ಮೇಲಿನ ಹೊದಿಕೆಗೆ ಬಿ12 ಬೇಕು. ಅದು ಸವೆದರೆ ಕಾಲು ಎಲ್ಲಿದೆ ಅನ್ನುವ ಸುದ್ದಿ ಮೆದುಳಿಗೆ ಸರಿಯಾಗಿ ಮುಟ್ಟುವುದಿಲ್ಲ. ಕಣ್ಣು ಬಿಟ್ಟಿರುವಾಗ ನೋಡಿಕೊಂಡು ನಿಲ್ಲುತ್ತಾರೆ, ಮುಚ್ಚಿದರೆ ವಾಲುತ್ತಾರೆ. ಶುಗರ್‌ನಿಂದಲೂ ಪಾದ ಜುಮ್ಮೆನ್ನಬಹುದು, ಥೈರಾಯ್ಡ್‌ನಿಂದಲೂ ಮರೆವು ಬರಬಹುದು. ಅದಕ್ಕೇ ನಾಳೆಯೇ ರಕ್ತ ಕೊಡಿ: ಬಿ12, ಸಿಬಿಸಿ (ರಕ್ತಕಣಗಳ ಎಣಿಕೆ), ಥೈರಾಯ್ಡ್. ಬಿ12 ಮಾತ್ರೆ ರಕ್ತ ಕೊಟ್ಟ ಮೇಲೆ. ರಕ್ತ ಕಮ್ಮಿಯಿದ್ದಾಗ ಕೊಡುವ ಫೋಲಿಕ್ ಆಸಿಡ್ ವಿಟಮಿನ್ ಮಾತ್ರೆಯನ್ನಷ್ಟೇ ನುಂಗಿಸಬೇಡಿ, ರಕ್ತ ಸುಧಾರಿಸಿದಂತೆ ಕಂಡರೂ ನರ ಒಳಗೊಳಗೇ ಹಾಳಾಗುತ್ತದೆ. ಮೆಟ್‌ಫಾರ್ಮಿನ್ ನೀವಾಗಿ ನಿಲ್ಲಿಸಬೇಡಿ. ಬೇಗ ಹಿಡಿದರೆ ಚೆನ್ನಾಗಿ ಗುಣವಾಗುತ್ತದೆ, ತಡವಾದರೆ ಪೂರ್ತಿ ಸರಿಹೋಗುವುದಿಲ್ಲ.

ವಿಶ್ವನಾಥ: ಇಷ್ಟೆಲ್ಲ ಯಾಕೆ? ಅರಿಶಿನ-ಕಾಳುಮೆಣಸಿನ ಕ್ಯಾಪ್ಸೂಲ್ ಎರಡು ತಿಂಗಳು ಕೊಡಿ. ನಮ್ಮ ಅಜ್ಜಂದಿರು ಯಾವ ಲ್ಯಾಬಿಗೆ ಹೋಗಿದ್ದರು?

ನವೀನ: ನಿಮ್ಮ ಅಜ್ಜ ಕ್ಯಾಪ್ಸೂಲ್ ನುಂಗಿದ್ದರಾ? ಅವರು ತಿಂದಿದ್ದು ಸಾರಿನ ಅರಿಶಿನ.

ವಿಶ್ವನಾಥ: ನಿಮಗೆ ನಮ್ಮದು ಅಂದರೆ ಸದರ.

ನವೀನ: ನಮ್ಮನೆ ಸಾರಿಗೂ ದಿನಾ ಅರಿಶಿನ ಬೀಳುತ್ತದೆ. ಸದರ ಅನ್ನುವ ಮಾತು ವಾಪಸ್ ತಗೊಳ್ಳಿ.

ಅಡ್ಮಿನ್: ಇಬ್ಬರೂ ಸಾಕು.

ಡಾಕ್ಟರ್: ವಿಶ್ವನಾಥ್ ಅವರೇ, ಕಾಳುಮೆಣಸು ಕರ್ಕ್ಯುಮಿನ್ ಹೀರುವಿಕೆಯನ್ನು ಹೆಚ್ಚಿಸುತ್ತದೆ. ಅಂಥ ಕ್ಯಾಪ್ಸೂಲ್‌ಗಳಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ವರದಿಯಾಗಿವೆ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಿಗೆ ರಕ್ತಸ್ರಾವದ ಅಪಾಯವೂ ಇದೆ. ಫಾರ್ವರ್ಡ್ ಮಾಡುವ ಮೊದಲು ನುಂಗುವವರು ಯಾರು ಅಂತ ಯೋಚಿಸಿ.

ಮಂಜುಳಾ: ಮೂರು ತಿಂಗಳ ಮಗು ರಾತ್ರಿ ನಿದ್ದೆ ಮಾಡಲ್ಲ. ಜಾಯಿಕಾಯಿ ತೇಯ್ದು ಜೇನಿನಲ್ಲಿ ನೆಕ್ಕಿಸಬಹುದಾ? ಅತ್ತೆ ಹೇಳುತ್ತಿದ್ದಾರೆ.

ಡಾಕ್ಟರ್: ಎರಡೂ ಬೇಡ. ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ, ಬೊಟುಲಿಸಂ ಅನ್ನುವ, ಸ್ನಾಯು ಸೋಲಿಸುವ ಅಪಾಯದ ಕಾಯಿಲೆ ಆಗಬಹುದು. ಜಾಯಿಕಾಯಿ ಜಾಸ್ತಿಯಾದರೆ ಮಂಪರು ಬಂದು ಎದೆಬಡಿತ ಏರುತ್ತದೆ. ಮಕ್ಕಳ ಡಾಕ್ಟರಿಗೆ ತೋರಿಸಿ. ಈ ಉತ್ತರ ಅತ್ತೆಗೂ ಓದಿಸಿ.

ಪ್ರಕಾಶ: ಅರಿಶಿನದ ಹಾಲು ಬೆಳಿಗ್ಗೆ ಕುಡಿಯಬಹುದಾ?

ಡಾಕ್ಟರ್: ಮೇಲೆ ಓದಿ.

ಲತಾ: ಚಕ್ಕೆ ಕಷಾಯ ಕುಡಿದರೆ ಶುಗರ್ ಮಾತ್ರೆ ಬಿಡಬಹುದಾ? ನೆನಪಿಗೆ ಅರಿಶಿನದ ಹಾಲು ಒಳ್ಳೆಯದಾ?

ಡಾಕ್ಟರ್: ಬಿಡಬಾರದು. ಹಾಲಿನದ್ದು ಮೂರನೇ ಸಲ, ದಯವಿಟ್ಟು ಮೇಲೆ ಓದಿ. ಗಣಪತಿಯವರೇ, ಇನ್ನೊಂದು ಬಿಟ್ಟೆ. ಅಪ್ಪ ಗ್ಯಾಸ್ಟ್ರಿಕ್ ಮಾತ್ರೆ ತಗೊಳ್ತಾರಾ?

ಗಣಪತಿ: ಆರು ವರ್ಷದಿಂದ, ದಿನಾ ಬೆಳಿಗ್ಗೆ ಒಂದು.

ಡಾಕ್ಟರ್: ಅದರಿಂದಲೂ ಬಿ12 ಕಮ್ಮಿಯಾಗುತ್ತದೆ. ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಲ್ಲಿಯವರೆಗೆ ಬಚ್ಚಲಲ್ಲಿ ಒಂದು ಸ್ಟೂಲ್ ಇಡಿ, ಕೂತೇ ಮುಖ ತೊಳೆಯಲಿ.