ಸಹಾಯ ಬೇಕು: ಕಾಂಕ್ರೀಟ್ ನೆಲ ಸಮ ಮಾಡುವುದು ಹೇಗೆ?

ವಿನೈಲ್ ಹಲಗೆ ಹಾಕೋಣ ಅಂತ ಮಲಗುವ ಕೋಣೆಯ ಹಳೇ ನೆಲಹಾಸು ಕಿತ್ತೆ. ಕೆಳಗಿನ ಕಾಂಕ್ರೀಟ್ ನೋಡಿ ಕೈಕಾಲೇ ಆಡಲಿಲ್ಲ. 2 ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿ ಇಟ್ಟರೆ ಕಿಟಕಿ ಹತ್ತಿರ 9 ಮಿ.ಮೀ. ತಗ್ಗು, ಬಾಗಿಲ ಬಳಿ ಉಬ್ಬು, ಪಟ್ಟಿಯ ಒಂದು ತುದಿ ಒತ್ತಿದರೆ ಇನ್ನೊಂದು ತುದಿ ತಕ್ಕಡಿ ಹಾಗೆ ಮೇಲೇಳುತ್ತದೆ. ಹಲಗೆ ಪೆಟ್ಟಿಗೆ ಮೇಲೆ 2 ಮೀಟರಿಗೆ 3 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು ಅಂತಿದೆ. ಹಾಗೇ ಹಾಕಿದರೆ ಕಾಲಿಟ್ಟಾಗಲೆಲ್ಲ ಹಲಗೆ ಬಾಗಿ ಕೊನೆಗೆ ಲಾಕ್ (ಹಲಗೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುವ ಅಂಚು) ಮುರಿಯುತ್ತದೆ ಅಲ್ವಾ?

ಉಬ್ಬನ್ನು ಡೈಮಂಡ್ ಕಪ್ ವೀಲ್‌ನಿಂದ (ಗ್ರೈಂಡರ್‌ಗೆ ಹಾಕುವ, ಕಾಂಕ್ರೀಟ್ ಉಜ್ಜುವ ಚಕ್ರ) ಉಜ್ಜಿ (ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಒಳ್ಳೇ ಮಾಸ್ಕ್ ಇದೆ), ಮೇಲಿನ ಪದರ ಹಿಡಿಯಲೆಂದು ಪ್ರೈಮರ್ ಹಚ್ಚಿ, ಆಮೇಲೆ ಸೆಲ್ಫ್ ಲೆವೆಲಿಂಗ್ ಕಾಂಪೌಂಡ್ (ನೀರಲ್ಲಿ ಕಲಸಿ ಸುರಿದರೆ ತಾನೇ ಹರಿದು ಸಮನಾಗುವ ಸಿಮೆಂಟ್ ಮಿಶ್ರಣ) ಸುರಿಯುವ ಯೋಚನೆ.

ನನ್ನನ್ನು ಕಾಡುತ್ತಿರುವುದು ಹಳೇ ಅಂಟು. ಕಪ್ಪಲ್ಲ, ಹಳದಿ ಬಣ್ಣದ್ದು. ಚಾಕುವಿನಿಂದ ಕೆರೆದರೂ ಅಲ್ಲಲ್ಲಿ ತೆಳುವಾಗಿ ಉಳಿದಿದೆ, ಅದರ ಮೇಲೆ ನೀರು ಚಿಮುಕಿಸಿದರೆ ಹೀರದೆ ಹನಿಯಾಗಿಯೇ ನಿಲ್ಲುತ್ತದೆ. ಅಂದ್ರೆ ಪ್ರೈಮರ್ ಕೂಡ ಅಲ್ಲಿ ಹಿಡಿಯುವುದಿಲ್ಲ ಅಂತ ತಾನೇ? ಪೂರ್ತಿ ಉಜ್ಜಿ ತೆಗೆಯಲೇಬೇಕಾ?

ಇನ್ನೊಂದು, ಗೋಡೆಯಿಂದ ಗೋಡೆಗೆ ಕೂದಲೆಳೆಯಂಥ ಬಿರುಕಿದೆ. ಮೊದಲು ಅದನ್ನು ತುಂಬಬೇಕಾ, ಸುಮ್ನೆ ಮೇಲೆ ಸುರಿದರೆ ಸಾಕಾ? ತೇವ ನೋಡಲು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ 24 ಗಂಟೆ ಬಿಟ್ಟಿದ್ದೆ, ಹನಿ ಕಟ್ಟಲಿಲ್ಲ.

ಕಾಂಪೌಂಡ್ ಬೇಗ ಗಟ್ಟಿಯಾಗುತ್ತದೆ, ಒಬ್ಬನೇ ಕಲಸಿ ಸುರಿಯಲು ಧೈರ್ಯ ಸಾಲುತ್ತಿಲ್ಲ. ಸ್ವತಃ ಮಾಡಿದವರು ದಯವಿಟ್ಟು ಹೇಳಿ, ಕಲಸಲು ಒಬ್ಬರು, ಹರಡಲು ಒಬ್ಬರು ಇದ್ದರೆ ಸಾಕಾ?