ಅಲರ್ಜಿ ಇರುವ ಮಗುವಿನ ಮನೆಗೆ ಲ್ಯಾಬ್ರಡೂಡಲ್ ಮರಿ: ಬ್ರೀಡರ್ ಬಳಿ ಕೊಳ್ಳಬಹುದೇ?

ಪ್ರಶ್ನೆ: ಕುವೆಂಪುನಗರ ನಿವಾಸಿ, ಮೈಸೂರು

ಎಲ್ಲರಿಗೂ ನಮಸ್ಕಾರ. ಮೈಸೂರಿನ ನಮ್ಮ ಸ್ವಂತ ಮನೆಯಲ್ಲಿ ನಾನು, ನಮ್ಮ ಯಜಮಾನರು, ಅತ್ತೆಯವರು ಮತ್ತು ಐದನೆಯ ತರಗತಿಯಲ್ಲಿ ಓದುತ್ತಿರುವ ಮಗಳು ಇದ್ದೇವೆ. ನಾಯಿ ಸಾಕಬೇಕೆಂಬುದು ಮಗಳ ಬಹುದಿನದ ಆಸೆ. ಆದರೆ ಅವಳಿಗೆ ಧೂಳಿನ ಅಲರ್ಜಿಯಿದ್ದು, ಚಳಿಗಾಲದಲ್ಲಿ ಇನ್‌ಹೇಲರ್ ಇಲ್ಲದೆ ಆಗುವುದಿಲ್ಲವಾದ್ದರಿಂದ ಈ ಮಾತನ್ನು ಮುಂದೂಡುತ್ತಲೇ ಬಂದಿದ್ದೆವು.

ಈಗ ಬೆಂಗಳೂರಿನ ಹೊರವಲಯದ ಬ್ರೀಡರ್ ಒಬ್ಬರ ಬಳಿ ಲ್ಯಾಬ್ರಡಾರ್ ಮತ್ತು ಪೂಡಲ್ ಬೆರಕೆಯ ಲ್ಯಾಬ್ರಡೂಡಲ್ ಮರಿಗಳಿವೆ ಎಂದು ಪರಿಚಿತರಿಂದ ತಿಳಿಯಿತು. ಈ ಬೆರಕೆಯ ಕೂದಲು ಉದುರುವುದೇ ಇಲ್ಲ, ಅಲರ್ಜಿ ಇರುವವರ ಮನೆಗೆಂದೇ ಮಾಡಿದ ತಳಿ ಇದು, ಎರಡು ತಳಿಗಳು ಸೇರಿರುವುದರಿಂದ ಕಾಯಿಲೆಯೂ ಕಡಿಮೆ ಎಂದು ಅವರು ಹೇಳುತ್ತಾರೆ. ಮರಿಗೆ ಆರು ವಾರ ತುಂಬಿದೆ, ಎಲ್ಲ ಲಸಿಕೆಗಳೂ ಆಗಿವೆ, ಕೆನಲ್ ಕ್ಲಬ್ ಆಫ್ ಇಂಡಿಯಾದ (ಕೆಸಿಐ) ಕಾಗದವನ್ನೂ ಕೊಡುತ್ತೇನೆ ಎನ್ನುತ್ತಾರೆ. ಬೆಲೆ 55 ಸಾವಿರ. 10 ಸಾವಿರ ಮುಂಗಡ ಕಳುಹಿಸಿದರೆ ಮರಿಯನ್ನು ಮೈಸೂರಿಗೆ ಬರುವ ಗಾಡಿಯಲ್ಲಿ ಕಳುಹಿಸಿಕೊಡುತ್ತಾರಂತೆ. ತಾಯಿ ತಂದೆ ನಾಯಿಗಳ ಫೋಟೋಗಳನ್ನು ಮಾತ್ರ ನೋಡಿದ್ದೇವೆ.

ಇದರ ನಡುವೆ ಬೆರಕೆ ನಾಯಿಗಳನ್ನು ಸರ್ಕಾರ ನಿಷೇಧಿಸಿದೆ ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ. ಅನುಭವಿಗಳು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ: ನಿವೃತ್ತ ಪಶುವೈದ್ಯ, ಶಿವಮೊಗ್ಗ

ಮೇಡಮ್, ಬೆರಕೆ ನಾಯಿ ನಿಮ್ಮ ಮನೆಗೆ ಹೊಂದುತ್ತದೆಯೇ ಎಂಬುದು ಒಂದು ಪ್ರಶ್ನೆ, ಈ ವ್ಯಕ್ತಿಯಿಂದ ಕೊಳ್ಳಬಹುದೇ ಎಂಬುದು ಬೇರೆಯೇ ಪ್ರಶ್ನೆ. ಎರಡನೆಯದಕ್ಕೆ ನೀವು ಬರೆದಿರುವಷ್ಟರಿಂದಲೇ ಉತ್ತರ ಹೇಳಬಹುದು: ಬೇಡ, ಮುಂಗಡವನ್ನೂ ಕಳುಹಿಸಬೇಡಿ.

ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿದ ನಾಯಿ ಸಂತಾನಾಭಿವೃದ್ಧಿ ಮತ್ತು ಮಾರಾಟದ ನಿಯಮಗಳ ಪ್ರಕಾರ ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು ಮತ್ತು ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಾಯಿ ನಾಯಿಗೆ ಹದಿನೆಂಟು ತಿಂಗಳು ಆಗುವ ಮೊದಲು ಅಥವಾ ಎಂಟು ವರ್ಷ ದಾಟಿದ ಮೇಲೆ ಮರಿ ಹಾಕಿಸುವಂತಿಲ್ಲ. ವರ್ಷಕ್ಕೆ ಒಂದು ಸೂಲು, ಜೀವಮಾನದಲ್ಲಿ ಐದು ಸೂಲು ಮೀರುವಂತಿಲ್ಲ. ಆರು ವಾರದ ಮರಿಯನ್ನು ಗಾಡಿಗೆ ಹಾಕಿ ಕಳುಹಿಸುವೆನೆನ್ನುವವರು ಉಳಿದ ನಿಯಮಗಳನ್ನು ಪಾಲಿಸುತ್ತಿದ್ದಾರೆಂದು ನಂಬಲು ನನಗೆ ಕಾರಣ ಕಾಣುವುದಿಲ್ಲ. ಆ ಎರಡು ವಾರಗಳು ಕೇವಲ ಕಾಗದದ ವಿಷಯವಲ್ಲ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಮರಿಯು ತಾಯಿ ಮತ್ತು ಒಡಹುಟ್ಟುಗಳ ಜೊತೆ ಆಡುತ್ತಲೇ ಕಲಿಯುವ ಕಾಲ ಅದು. ಬೇಗ ಬಿಡಿಸಿ ತಂದ ಮರಿ ಆ ಪಾಠವನ್ನು ನಿಮ್ಮ ಮಗಳ ಕೈಬೆರಳುಗಳ ಮೇಲೆ ಕಲಿಯುತ್ತದೆ.

ಎಲ್ಲ ಲಸಿಕೆಗಳೂ ಆಗಿವೆ ಎಂಬುದು ಸಾಧ್ಯವಿಲ್ಲದ ಮಾತು. ತಾಯಿಯ ಹಾಲಿನಿಂದ ಬಂದ ರೋಗನಿರೋಧಕ ಅಂಶಗಳು ಮರಿಯ ರಕ್ತದಲ್ಲಿ ಇರುವಷ್ಟು ದಿನ ಲಸಿಕೆಯನ್ನು ಕೆಲಸ ಮಾಡಲು ಬಿಡುವುದಿಲ್ಲ. ಅವು ಯಾವ ಮರಿಯಲ್ಲಿ ಯಾವಾಗ ಕರಗುತ್ತವೆ ಎಂದು ಹೇಳಲಾಗದ ಕಾರಣಕ್ಕೇ ಆರರಿಂದ ಎಂಟು ವಾರಕ್ಕೆ ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ, ಹದಿನಾರು ವಾರ ತುಂಬುವವರೆಗೆ ಲಸಿಕೆಯನ್ನು ಮತ್ತೆ ಮತ್ತೆ ಹಾಕಿಸುತ್ತೇವೆ. ರೇಬೀಸ್ ಲಸಿಕೆಯಂತೂ ಮೂರು ತಿಂಗಳಿಗೆ. ಲಸಿಕೆಯ ಕಾರ್ಡನ್ನು ಕೇಳಿ ನೋಡಿ: ಶೀಶೆಯಿಂದ ಕಿತ್ತು ಅಂಟಿಸಿದ, ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕ ಇರುವ ಚೀಟಿ, ಅದರ ಪಕ್ಕದಲ್ಲಿ ವೈದ್ಯರ ಸಹಿ ಮತ್ತು ನೋಂದಣಿ ಸಂಖ್ಯೆ ಇರಬೇಕು. ಪೆನ್ನಿನಲ್ಲಿ ಬರೆದ ದಿನಾಂಕ ಮಾತ್ರ ಇದ್ದರೆ ಅದಕ್ಕೆ ಬೆಲೆಯಿಲ್ಲ. ಈ ಲಸಿಕೆ ತಡೆಯಬೇಕಾದ ಪಾರ್ವೊ ಎಂಬ ವೈರಸ್ ಸೋಂಕು ತಗುಲಿದ ಮರಿಯು ವಾಂತಿ ಮತ್ತು ರಕ್ತಭೇದಿಯಿಂದ ಎರಡು ಮೂರು ದಿನಗಳಲ್ಲೇ ಹೋಗಿಬಿಡಬಹುದು.

ಕೆನಲ್ ಕ್ಲಬ್ ಆಫ್ ಇಂಡಿಯಾ ಶುದ್ಧ ತಳಿಗಳ ವಂಶಾವಳಿಯನ್ನು ದಾಖಲಿಸುವ ಸಂಸ್ಥೆ. ಬೆರಕೆ ಮರಿಗೆ ವಂಶಾವಳಿ ಪತ್ರ ಸಿಗುವುದಿಲ್ಲ. ತಾಯಿಗೂ ತಂದೆಗೂ ಬೇರೆ ಬೇರೆಯಾಗಿ ಆ ಪತ್ರಗಳಿರಬಹುದು, ಅವನ್ನು ತೋರಿಸಿ ಎನ್ನಿ.

ಬೆರಕೆ ಎಂದರೆ ಕಾಯಿಲೆ ಕಡಿಮೆ ಎಂಬುದು ಅರ್ಧ ಸತ್ಯ. ಎರಡು ತಳಿಗಳಿಗೂ ಬೇರೆ ಬೇರೆ ದೋಷಗಳಿದ್ದರೆ ಮೊದಲ ಪೀಳಿಗೆಯಲ್ಲಿ ಅವು ಅಡಗಿಹೋಗಬಹುದು, ಆದರೆ ದೋಷ ಇಬ್ಬರಲ್ಲೂ ಒಂದೇ ಆಗಿದ್ದರೆ ಬೆರಕೆಯಿಂದ ಏನೂ ಸಿಗುವುದಿಲ್ಲ. ಸೊಂಟದ ಕೀಲು ಸರಿಯಾಗಿ ಕೂರದ ಹಿಪ್ ಡಿಸ್ಪ್ಲೇಸಿಯಾ ಲ್ಯಾಬ್ರಡಾರ್‌ನಲ್ಲೂ ಇದೆ, ದೊಡ್ಡ ಪೂಡಲ್‌ನಲ್ಲೂ ಇದೆ. ನಿಧಾನವಾಗಿ ಕುರುಡಾಗಿಸುವ ಪಿಆರ್‌ಎ ಎಂಬ ಕಣ್ಣಿನ ಕಾಯಿಲೆಯ ಒಂದು ಬಗೆಯೂ ಇವೆರಡರಲ್ಲಿ ಒಂದೇ ಜೀನ್‌ನಿಂದ ಬರುತ್ತದೆ. ತಾಯಿ ತಂದೆ ಇಬ್ಬರೂ ಅದರ ವಾಹಕರಾಗಿದ್ದರೆ ಪ್ರತಿ ಮರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಬ್ರಿಟನ್ನಿನ ರಾಯಲ್ ವೆಟರ್ನರಿ ಕಾಲೇಜು 2024ರಲ್ಲಿ ಲ್ಯಾಬ್ರಡೂಡಲ್, ಕಾಕಪೂ, ಕ್ಯಾವಪೂ ಎಂಬ ಮೂರು ಪೂಡಲ್ ಬೆರಕೆಗಳನ್ನು ಅವುಗಳ ಮೂಲ ತಳಿಗಳೊಂದಿಗೆ 57 ಕಾಯಿಲೆಗಳ ವಿಷಯದಲ್ಲಿ ಹೋಲಿಸಿ ನೋಡಿದಾಗ ಶೇಕಡ 86ಕ್ಕೂ ಹೆಚ್ಚಿನ ಹೋಲಿಕೆಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಬೆರಕೆ ಕೆಟ್ಟದ್ದೆಂದು ಇದರ ಅರ್ಥವಲ್ಲ, ಅದಕ್ಕೆಂದೇ ಹೆಚ್ಚು ಹಣ ಕೊಡಲು ಕಾರಣವಿಲ್ಲ ಎಂದಷ್ಟೇ. ಹಣ ಕೊಡುವುದಾದರೆ ತಾಯಿ ತಂದೆಯರ ಸೊಂಟದ ಎಕ್ಸ್‌ರೇ ಮತ್ತು ಕಣ್ಣಿನ ಜೀನ್ ಪರೀಕ್ಷೆಯ ವರದಿಗಳನ್ನು ಮುಂದಿಡುವವರಿಗೆ ಕೊಡಿ.

ನಿಷೇಧದ ಮಾತು ಪಿಟ್‌ಬುಲ್, ರಾಟ್‌ವೈಲರ್ ಮೊದಲಾದ 23 ತಳಿಗಳು ಮತ್ತು ಅವುಗಳ ಬೆರಕೆಗಳ ಬಗ್ಗೆ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಬರೆದ ಸುತ್ತೋಲೆಯದು. ಅದನ್ನು ಕರ್ನಾಟಕ ಹೈಕೋರ್ಟ್ ಮರು ತಿಂಗಳೇ ರದ್ದುಪಡಿಸಿತು. ಲ್ಯಾಬ್ರಡಾರ್ ಆಗಲಿ ಪೂಡಲ್ ಆಗಲಿ ಆ ಪಟ್ಟಿಯಲ್ಲೇ ಇರಲಿಲ್ಲ.

ಉತ್ತರ: ಜಯನಗರ ನಾಲ್ಕನೇ ಬ್ಲಾಕ್

ನಮ್ಮ ಮನೆಯಲ್ಲಿ ಲ್ಯಾಬ್ರಡೂಡಲ್ ಇದೆ. ಅದರ ಜೊತೆಯಲ್ಲೇ ಹುಟ್ಟಿದ ಇನ್ನೊಂದು ನಮ್ಮ ಭಾವನವರ ಮನೆಯಲ್ಲಿದೆ. ಅವರದಕ್ಕೆ ಪೂಡಲ್‌ನ ಗುಂಗುರು ಕೂದಲು ಬಂದಿದೆ, ಕೆಳಗೆ ಬೀಳುವುದು ಬಹಳ ಕಡಿಮೆ. ನಮ್ಮದಕ್ಕೆ ಅಲೆಯಲೆಯಾದ ಕೂದಲು, ಸೋಫಾದ ಮೇಲೂ ಕಪ್ಪು ಪ್ಯಾಂಟಿನ ಮೇಲೂ ಲ್ಯಾಬ್ರಡಾರ್ ಇದ್ದ ಮನೆಯಷ್ಟೇ ಸಿಗುತ್ತದೆ. ಒಂದೇ ತಾಯಿ, ಒಂದೇ ಸೂಲು. ಹೀಗಿರುವಾಗ ಆರು ವಾರದ ಮರಿಯನ್ನು ಎತ್ತಿ ಹಿಡಿದು ಇದರ ಕೂದಲು ಉದುರುವುದಿಲ್ಲ ಎಂದು ಯಾರಾದರೂ ಹೇಗೆ ಹೇಳುತ್ತಾರೋ ನನಗೆ ಅರ್ಥವಾಗಿಲ್ಲ. ಮರಿಗೂದಲು ಹೋಗಿ ದೊಡ್ಡ ನಾಯಿಯ ಕೂದಲು ಬರುವುದೇ ಆರು ತಿಂಗಳಾದ ಮೇಲೆ.

ಈ ಬೆರಕೆಗೆ ಹೆಸರು ತಂದ ಕಥೆಯೇ ನಿಮ್ಮ ಪ್ರಶ್ನೆಗೆ ಉತ್ತರದಂತಿದೆ. ಹವಾಯಿಯಲ್ಲಿದ್ದ ಅಂಧ ಮಹಿಳೆಯೊಬ್ಬರಿಗೆ ದಾರಿ ತೋರುವ ನಾಯಿ ಬೇಕಿತ್ತು, ಅವರ ಪತಿಗೆ ನಾಯಿಯ ಅಲರ್ಜಿ. ಆಸ್ಟ್ರೇಲಿಯಾದ ಮಾರ್ಗದರ್ಶಿ ನಾಯಿಗಳ ಸಂಸ್ಥೆಯಲ್ಲಿದ್ದ ವಾಲಿ ಕಾನ್ರನ್ ಅವರು 1980ರ ದಶಕದ ಕೊನೆಯಲ್ಲಿ ಲ್ಯಾಬ್ರಡಾರ್ ಮತ್ತು ಪೂಡಲ್ ಕೂಡಿಸಿದಾಗ ಮೂರು ಮರಿಗಳು ಹುಟ್ಟಿದವು. ಮೂರರ ಕೂದಲು ಮತ್ತು ಜೊಲ್ಲನ್ನು ಹವಾಯಿಗೆ ಕಳುಹಿಸಿ ಪರೀಕ್ಷಿಸಿದಾಗ ಆ ಪತಿಗೆ ಒಗ್ಗಿದ್ದು ಒಂದೇ ಒಂದು ಮರಿ. ಮಾರಾಟಗಾರರು ಆ ಒಂದು ಮರಿಯ ಕಥೆಯನ್ನು ಹೇಳುತ್ತಾರೆ, ಉಳಿದೆರಡರ ಮಾತೇ ಇಲ್ಲ. ಈ ಬೆರಕೆ ಹೋಗಿ ನಿಂತ ಸ್ಥಿತಿಯನ್ನು ಕಂಡು ತಾವು ವಿಷಾದಪಡುವುದಾಗಿ ಕಾನ್ರನ್ ಅವರೇ ಮುಂದೆ ಬಹಿರಂಗವಾಗಿ ಹೇಳಿದರು.

ಇನ್ನು, ಉದುರದ ಕೂದಲು ಬಂತೆಂದೇ ಇಟ್ಟುಕೊಳ್ಳಿ. ಬೀಳಬೇಕಾದ ಕೂದಲು ಅಲ್ಲೇ ಸಿಕ್ಕಿಕೊಂಡು ಜಡೆಗಟ್ಟುತ್ತದೆ. ಭಾವನವರ ನಾಯಿಯ ಕಿವಿಯ ಹಿಂದೆ ಮತ್ತು ಮುಂಗಾಲಿನ ಸಂದಿಯಲ್ಲಿ ಬೆರಳಿಟ್ಟರೆ ಕುರುಬರ ಕಂಬಳಿ ಮುಟ್ಟಿದಂತೆ ಆಗುತ್ತಿತ್ತು. ಮೇಲಿನಿಂದ ಬ್ರಷ್ ಆಡಿಸಿದರೆ ಸಾಲದು. ಕೂದಲನ್ನು ಪದರ ಪದರವಾಗಿ ಎತ್ತಿ, ಕಬ್ಬಿಣದ ಬಾಚಣಿಗೆ ಚರ್ಮದವರೆಗೆ ಸರಾಗವಾಗಿ ಇಳಿಯುತ್ತದೆಯೇ ಎಂದು ನೋಡಬೇಕು. ಮಳೆಗಾಲದಲ್ಲಿ ಒದ್ದೆಯಾದ ಮೇಲೆ ಬಾಚದೆ ಬಿಟ್ಟರೆ ಅಡಿಯಲ್ಲಿ ಚರ್ಮ ಕೆಂಪಾಗಿ ವಾಸನೆ ಹಿಡಿಯುತ್ತದೆ, ಉಣ್ಣೆಹುಳು ಇದ್ದರೂ ಕಣ್ಣಿಗೆ ಬೀಳುವುದಿಲ್ಲ. ಆರೆಂಟು ವಾರಗಳಿಗೊಮ್ಮೆ ಗ್ರೂಮರ್ ಬಳಿಗೆ ಹೋಗಲೇಬೇಕು, ಅದಕ್ಕೆ ನಮ್ಮ ಕಡೆ ಪ್ರತಿ ಸಲ ಎರಡು ಸಾವಿರಕ್ಕೆ ಕಡಿಮೆಯಿಲ್ಲ.

ಇಷ್ಟೆಲ್ಲ ಹೇಳಿದರೂ ನಾಯಿ ಮಾತ್ರ ಚಿನ್ನದಂಥದ್ದು. ನಮ್ಮ ಮನೆಗೆ ಬಂದ ಯಾರನ್ನೂ ಅದು ಹೊರಗಿನವರೆಂದು ತಿಳಿದಿಲ್ಲ, ಆದ್ದರಿಂದ ಕಾವಲಿಗೆ ಪ್ರಯೋಜನವಿಲ್ಲ.

ಉತ್ತರ: ವಿದ್ಯಾನಗರ, ಹುಬ್ಬಳ್ಳಿ

ನಾನು ಬೀದಿ ನಾಯಿಮರಿಗಳನ್ನು ಮನೆ ಹುಡುಕಿ ದತ್ತು ಕೊಡುವ ಕೆಲಸದಲ್ಲಿ ಇದ್ದೇನೆ, ಹಾಗಾಗಿ ನನ್ನ ಒಲವು ಯಾವ ಕಡೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ದತ್ತು ತೆಗೆದುಕೊಂಡ ನಾಯಿಯಿಂದ ಅಲರ್ಜಿ ಬರುವುದಿಲ್ಲ ಎಂಬ ಸುಳ್ಳನ್ನು ನಾನು ಹೇಳಲಾರೆ. ಅಲರ್ಜಿ ತರುವುದು ಕೂದಲಲ್ಲ, ನಾಯಿಯ ಜೊಲ್ಲು ಮತ್ತು ಚರ್ಮದ ಹೊಟ್ಟಿನಲ್ಲಿರುವ ಪ್ರೋಟೀನ್‌ಗಳು. ಗಿಡ್ಡ ಕೂದಲಿನ ನಾಡ ನಾಯಿಯಲ್ಲೂ ಅವು ಇರುತ್ತವೆ. ನೆದರ್‌ಲೆಂಡ್ಸ್‌ನ ಸಂಶೋಧಕರು 2012ರಲ್ಲಿ ಅಲರ್ಜಿ ತರುವುದಿಲ್ಲವೆಂದು ಹೆಸರಾದ ತಳಿಗಳ ಕೂದಲನ್ನು ಪರೀಕ್ಷಿಸಿದಾಗ ಆ ಪ್ರೋಟೀನ್‌ಗಳಲ್ಲಿ ಮುಖ್ಯವಾದದ್ದು ಇತರ ನಾಯಿಗಳಿಗಿಂತ ಕಡಿಮೆಯೇನೂ ಇರಲಿಲ್ಲ.

ಆದ್ದರಿಂದ ನಿಮ್ಮ ಮನೆಗೆ ಮರಿಗಿಂತ ಬೆಳೆದ ನಾಯಿಯೇ ಮೇಲು ಎಂದು ನನ್ನ ಅಭಿಪ್ರಾಯ. ಎರಡು ಮೂರು ವರ್ಷದ ನಾಯಿಯ ಗಾತ್ರ, ಕೂದಲು, ಸ್ವಭಾವ ಎಲ್ಲವೂ ಕಣ್ಣೆದುರಿಗೆ ಇರುತ್ತದೆ. ಮಗಳನ್ನು ಅದೇ ನಾಯಿಯ ಬಳಿ ಬೇರೆ ಬೇರೆ ದಿನ ಗಂಟೆಗಟ್ಟಲೆ ಕೂರಿಸಿ, ಆ ರಾತ್ರಿ ಕೆಮ್ಮು ಬಂತೇ, ಕಣ್ಣು ಕೆಂಪಾಯಿತೇ ಎಂದು ನೋಡಬಹುದು. ಕೆಲವು ಸಂಸ್ಥೆಗಳು ನಾಯಿಯನ್ನು ಮೊದಲು ಕೆಲವು ವಾರಗಳ ಮಟ್ಟಿಗೆ ಮನೆಯಲ್ಲಿಟ್ಟು ನೋಡಲು ಕೊಡುತ್ತವೆ, ಹೊಂದದಿದ್ದರೆ ವಾಪಸು ಪಡೆಯುತ್ತವೆ. ಹಣ ಎಣಿಸಿ ತಂದ ಮರಿಯನ್ನು ಬ್ರೀಡರ್ ಮರಳಿ ಪಡೆಯುವುದು ಅಪರೂಪ, ಮತ್ತು ಹಾಗೆ ಬೇಡವಾದ ದೊಡ್ಡ ಜಾತಿಯ ನಾಯಿಗಳು ಕೊನೆಗೆ ಎಲ್ಲಿಗೆ ಬರುತ್ತವೆ ಎಂಬುದನ್ನು ನಾವು ನೋಡುತ್ತಲೇ ಇದ್ದೇವೆ.

ಉತ್ತರ: ಜಯನಗರ ನಾಲ್ಕನೇ ಬ್ಲಾಕ್

ಹುಬ್ಬಳ್ಳಿಯವರ ಮಾತಿನಲ್ಲಿ ಬೆಳೆದ ನಾಯಿಯ ವಿಚಾರವನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಎಲ್ಲ ಬ್ರೀಡರ್‌ಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ನಮಗೆ ಮರಿ ಕೊಟ್ಟವರು ನಮ್ಮ ಮನೆಯನ್ನು ನೋಡದೆ ಕೊಡಲೇ ಇಲ್ಲ, ಹಗಲು ಮನೆಯಲ್ಲಿ ಯಾರಿರುತ್ತಾರೆ ಎಂದು ಕೇಳಿದರು, ಸಾಕಲು ಆಗದಿದ್ದರೆ ತಮಗೇ ಮರಳಿಸಬೇಕೆಂದು ಬರೆಸಿಕೊಂಡರು. ಕೊಳ್ಳುವವರನ್ನು ಪ್ರಶ್ನೆ ಕೇಳದೆ ಮುಂಗಡ ಮಾತ್ರ ಕೇಳುವವರ ಬಳಿಗೆ ಹೋಗಬಾರದು, ಅಷ್ಟೆ.

ಮರುಪ್ರಶ್ನೆ: ಕುವೆಂಪುನಗರ ನಿವಾಸಿ, ಮೈಸೂರು

ಎಲ್ಲರಿಗೂ ಕೃತಜ್ಞತೆಗಳು. ಆ ಬ್ರೀಡರ್‌ಗೆ ಫೋನ್ ಮಾಡಿ, ನಾವೇ ಬಂದು ತಾಯಿ ನಾಯಿಯನ್ನು ನೋಡುತ್ತೇವೆ ಎಂದೆವು. ಹೊರಗಿನವರು ಬಂದರೆ ಮರಿಗಳಿಗೆ ಸೋಂಕು ತಗಲುತ್ತದೆ, ಬೇಕಾದರೆ ವಿಡಿಯೋ ಕಳುಹಿಸುತ್ತೇನೆ ಎಂದರು. ನೋಂದಣಿ ಸಂಖ್ಯೆ ಕೇಳಿದಾಗ ಫೋನ್ ಇಟ್ಟರು. ಅಲ್ಲಿಗೆ ಅದನ್ನು ಕೈಬಿಟ್ಟಿದ್ದೇವೆ.

ಮಗಳ ವೈದ್ಯರು ಮೊದಲು ಚರ್ಮದ ಮೇಲೆ ಅಲರ್ಜಿ ಪರೀಕ್ಷೆ ಮಾಡಿಸಿ, ನಾಯಿಯ ಅಲರ್ಜಿ ಇದೆಯೋ ಅಥವಾ ಧೂಳಿನ ಹುಳದ್ದು ಮಾತ್ರವೋ ತಿಳಿಯೋಣ ಎಂದಿದ್ದಾರೆ. ಫಲಿತಾಂಶ ಅನುಕೂಲವಾಗಿದ್ದರೆ ಇಲ್ಲಿಯೇ ದತ್ತು ಕೊಡುವವರ ಬಳಿ ಬೆಳೆದ ನಾಯಿಗಳನ್ನು ಮೊದಲು ನೋಡುತ್ತೇವೆ. ನಮ್ಮ ಯಜಮಾನರಿಗೆ ಇನ್ನೂ ಲ್ಯಾಬ್ರಡೂಡಲ್ ಮೇಲೇ ಮನಸ್ಸಿದೆ. ತುಮಕೂರಿನ ಕಡೆ ನೋಂದಣಿ ಇರುವ, ಬಂದು ನೋಡಲು ಕರೆದಿರುವ ಇನ್ನೊಬ್ಬರಿದ್ದಾರೆ. ಅಲ್ಲಿಗೆ ಹೋದರೆ ವಿಶೇಷವಾಗಿ ಏನನ್ನು ಗಮನಿಸಬೇಕು?

ಉತ್ತರ: ನಿವೃತ್ತ ಪಶುವೈದ್ಯ, ಶಿವಮೊಗ್ಗ

ತಾಯಿ ಎಂದು ತೋರಿಸಿದ ನಾಯಿಯ ಹೊಟ್ಟೆಯ ಅಡಿಯನ್ನು ನೋಡಿ. ಎರಡು ತಿಂಗಳ ಹಿಂದೆ ಮರಿ ಹಾಕಿ ಹಾಲೂಡಿಸಿದ ನಾಯಿಯ ಕೆಚ್ಚಲು ಇನ್ನೂ ಜೋತಿರುತ್ತದೆ, ಮೊಲೆತೊಟ್ಟುಗಳು ಉದ್ದವಾಗಿ ಕಾಣುತ್ತವೆ, ಮತ್ತು ಅದನ್ನು ಒಳಗೆ ಬಿಟ್ಟ ಕೂಡಲೇ ಮರಿಗಳು ಅಡಿಗೆ ನುಗ್ಗುತ್ತವೆ. ಹೊಟ್ಟೆ ಬಿಗಿಯಾಗಿದ್ದು ಮರಿಗಳು ಅದರತ್ತ ತಿರುಗಿಯೂ ನೋಡದಿದ್ದರೆ, ಆ ಮರಿಗಳು ಬೇರೆಲ್ಲಿಂದಲೋ ಬಂದವು. ತಾಯಿ ನಿಮ್ಮನ್ನು ಕಂಡು ಬೆದರಿ ಮೂಲೆ ಸೇರಿದರೆ ಮರಿಯ ಸ್ವಭಾವದ ಬಗ್ಗೆಯೂ ಯೋಚಿಸಿ.

ಕೊಂಡ ಎರಡು ಮೂರು ದಿನಗಳೊಳಗೆ ನಿಮ್ಮ ವೈದ್ಯರು ಪರೀಕ್ಷಿಸಿ ಹುಟ್ಟು ದೋಷ ಅಥವಾ ಸೋಂಕು ಕಂಡರೆ ಹಣ ಮರಳಿಸಬೇಕೆಂದು, ಮರಿಯ ಚರ್ಮದಡಿ ಗುರುತಿಗೆಂದು ಹಾಕುವ ಮೈಕ್ರೋಚಿಪ್‌ನ ಸಂಖ್ಯೆಯನ್ನೂ ಸೇರಿಸಿ, ರಸೀದಿಯಲ್ಲೇ ಬರೆಸಿಕೊಳ್ಳಿ. ಪಾರ್ವೊ ದೇಹ ಸೇರಿ ಲಕ್ಷಣ ಕಾಣಿಸಲು ನಾಲ್ಕು ದಿನದಿಂದ ಒಂದು ವಾರದವರೆಗೆ ಹಿಡಿಯಬಹುದಾದ್ದರಿಂದ, ಸಾಧ್ಯವಾದರೆ ಸೋಂಕಿನ ಮಟ್ಟಿಗೆ ಗಡುವನ್ನು ಒಂದು ವಾರಕ್ಕೆ ಕೇಳಿ.

ಮೊದಲ ಸಲ ನೀವು ದಂಪತಿಗಳು ಮಾತ್ರ ಹೋಗಿ. ಮಗು ಮರಿಯನ್ನು ಒಮ್ಮೆ ಎತ್ತಿಕೊಂಡ ಮೇಲೆ ನೀವು ವರದಿಗಳನ್ನು ಸರಿಯಾಗಿ ಓದುವುದಿಲ್ಲ. ಎಲ್ಲ ಸರಿಯೆನಿಸಿದರೆ ಎರಡನೆಯ ಸಲ ಅವಳನ್ನು ಕರೆದೊಯ್ದು, ಮರಿಗಳ ಬಳಿಗಿಂತ ಅಲ್ಲಿನ ಬೆಳೆದ ಲ್ಯಾಬ್ರಡೂಡಲ್‌ಗಳ ಬಳಿ ಹೆಚ್ಚು ಹೊತ್ತು ಕೂರಿಸಿ, ಇನ್‌ಹೇಲರ್ ಚೀಲದಲ್ಲಿರಲಿ.