ಯೆಜ್ಡಿಗೆ ಪೆಟ್ರೋಲ್ ಜೊತೆ ಆಯಿಲ್ ಯಾಕೆ?

ಪ್ರಶ್ನೆ: ಅಪ್ಪನ ಹಳೇ ಯೆಜ್ಡಿ ಬೈಕ್ ಮತ್ತೆ ಓಡಿಸುತ್ತಿದ್ದೇನೆ, ನಮ್ಮ ಮೈಸೂರಿನಲ್ಲೇ ತಯಾರಾದ ಗಾಡಿ. ಪ್ರತಿ ಸಲ ಪೆಟ್ರೋಲಿಗೆ 2ಟಿ ಆಯಿಲ್ (ಟೂ ಸ್ಟ್ರೋಕ್ ಇಂಜಿನ್ನಿನ ಆಯಿಲ್) ಬೆರೆಸಲೇಬೇಕಾ? ಗೇರ್‌ಬಾಕ್ಸ್‌ನಲ್ಲಿ ಆಯಿಲ್ ಇದೆ ಅಲ್ವಾ?

ಉತ್ತರ: ಬೆರೆಸಲೇಬೇಕು ಸರ್, ನಿಮ್ಮದು ಟೂ ಸ್ಟ್ರೋಕ್ ಇಂಜಿನ್. ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್ ಮೇಲೆ ಹೋದಾಗ ಪೆಟ್ರೋಲ್, ಗಾಳಿ ಎರಡೂ ಮೊದಲು ಕ್ರ್ಯಾಂಕ್‌ಕೇಸ್ (ಪಿಸ್ಟನ್ನಿನ ಕೆಳಗಿನ ಕೋಣೆ) ಒಳಗೆ ಬರುತ್ತವೆ, ಪಿಸ್ಟನ್ ಕೆಳಗಿಳಿದಾಗ ಅಲ್ಲಿಂದ ಸಿಲಿಂಡರಿಗೆ ನುಗ್ಗುತ್ತವೆ, ಹಾಗಾಗಿ ಫೋರ್ ಸ್ಟ್ರೋಕ್ ತರಹ ಅಲ್ಲಿ ಆಯಿಲ್ ತುಂಬಿಡಲು ಆಗುವುದಿಲ್ಲ. ಬೇರಿಂಗು, ಪಿಸ್ಟನ್ನಿಗೆ ಸಿಗುವುದು ಪೆಟ್ರೋಲಿನ ಜೊತೆ ಬಂದ ಆಯಿಲ್ ಮಾತ್ರ. ಗೇರ್‌ಬಾಕ್ಸಿನದು ಬೇರೆ.

ಇನ್ನೊಂದು ಉತ್ತರ: ಮ್ಯಾನ್ಯುಯಲ್‌ನಲ್ಲಿ 1:25 (ಒಂದು ಪಾಲು ಆಯಿಲ್, 25 ಪಾಲು ಪೆಟ್ರೋಲ್) ಅಂತಿದ್ದರೆ ಲೀಟರಿಗೆ 40 ಎಂಎಲ್. ಉದ್ದದ ಇಳಿಜಾರಿನಲ್ಲಿ ಎಕ್ಸಲೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿಯಬೇಡಿ. ಪೆಟ್ರೋಲ್ ಕಮ್ಮಿಯಾದರೆ ಆಯಿಲೂ ಕಮ್ಮಿ. ಚಾಮುಂಡಿ ಬೆಟ್ಟ ಇಳಿಯುವಾಗ ನನ್ನ ಇಂಜಿನ್ ಹೀಗೇ ಸೀಜ್ ಆಯಿತು, ಅಂದರೆ ಪಿಸ್ಟನ್ ಸಿಕ್ಕಿಕೊಂಡು ನಿಂತುಹೋಯಿತು. ಆಗಾಗ ಸ್ವಲ್ಪ ಎಕ್ಸಲೇಟರ್ ಕೊಡುತ್ತಿರಿ.

ಪ್ರಶ್ನೆ ಕೇಳಿದವರು: ಇಳಿಜಾರಿನ ವಿಷಯ ಗೊತ್ತೇ ಇರಲಿಲ್ಲ, ತುಂಬಾ ಥ್ಯಾಂಕ್ಸ್ ಸರ್.